ಟೊಕಾಯಿಗೆ ಸಕ್ಕರೆ ಹಾಕ್ತಾರಾ?

ಟೊಕಾಯಿ ಆಸೂ ವೈನ್‌ಗೆ ಸಕ್ಕರೆ ಬೆರೆಸುತ್ತಾರಾ, ಬಾಟಲಿ ಮೇಲಿನ '5 ಪುಟ್ಟೊನ್ಯೊಶ್' ಅಂದರೇನು ಅಂತ ಕೇಳಿದ್ದೀರಲ್ಲ. ಬೆರೆಸುವುದಿಲ್ಲ, ಸಿಹಿಯೆಲ್ಲ ದ್ರಾಕ್ಷಿಯದ್ದೇ. ಈ ವೈನ್ ಆಗುವ ಹಂಗೆರಿಯ ಟೊಕಾಯಿ ಸೀಮೆಯಲ್ಲಿ ಬೊದ್ರೊಗ್, ತಿಸಾ ನದಿಗಳು ಸೇರುತ್ತವೆ. ಕೊಯ್ಲಿನ ಹೊತ್ತಿಗೆ ಬೆಳಗ್ಗೆ ಮಂಜು, ಮಧ್ಯಾಹ್ನ ಬಿಸಿಲು. ದ್ರಾಕ್ಷಿಗೆ ಬೂಷ್ಟು ಹಿಡಿಯುತ್ತದೆ. ನಾವಾದರೆ ಎಸೆಯುತ್ತಿದ್ದೆವು, ಅಲ್ವಾ! ಅಲ್ಲಿ ಅದೇ ಬಂಗಾರ. ಸಿಪ್ಪೆಯಲ್ಲಿ ಸಣ್ಣ ತೂತಾಗಿ ನೀರಾರುತ್ತದೆ, ಹಣ್ಣು ಒಣದ್ರಾಕ್ಷಿ ಥರ ಮುದುಡುತ್ತದೆ. ಅಂಥವನ್ನೇ ಆರಿಸಿ, ಒಂದೊಂದಾಗಿ ಕೈಯಲ್ಲೇ ಬಿಡಿಸುತ್ತಾರೆ. ಆಮೇಲೆ ದ್ರಾಕ್ಷಿರಸದಲ್ಲೋ ವೈನ್‌ನಲ್ಲೋ ನೆನೆಹಾಕಿ ಹಿಂಡುತ್ತಾರೆ.

ಪುಟ್ಟೊನ್ಯ್ ಅಂದರೆ ಬೆನ್ನಿಗೆ ಹೊರುವ ಬುಟ್ಟಿ, ಸುಮಾರು 25 ಕೆಜಿಯದ್ದು. 136 ಲೀಟರಿನ ಪೀಪಾಯಿಗೆ ಎಷ್ಟು ಬುಟ್ಟಿ ಹಣ್ಣೋ, ಅದೇ ಅಂಕಿ. ಈಗ ಬುಟ್ಟಿ ಲೆಕ್ಕ ಸುಮ್ನೆ ಹೆಸರಿಗೆ. ಹುದುಗಿದ ಮೇಲೆ ವೈನ್‌ನಲ್ಲಿ ಉಳಿದ ಸಕ್ಕರೆಯನ್ನು ಅಳೆಯುತ್ತಾರೆ, ಆಸೂಗೆ ಲೀಟರಿಗೆ ಕನಿಷ್ಠ 120 ಗ್ರಾಂ ಬೇಕು. ಅಂದಹಾಗೆ, ಈ ಸೀಮೆಯ ಗಡಿಯನ್ನು 1737ರಲ್ಲೇ ರಾಜಾಜ್ಞೆಯಿಂದ ಗುರುತು ಮಾಡಿದ್ದರು.