ಬೆಟ್ಟ ಮೊದಲು, ಕಡಲು ಆಮೇಲೆ

ಓದುಗರ ಪ್ರಶ್ನೆ: ಪ್ರವಾಸ ಮತ್ತು ಆರೋಗ್ಯ
(ಉತ್ತರಿಸುವವರು ಉಡುಪಿಯ ಕಿವಿ, ಮೂಗು, ಗಂಟಲು ತಜ್ಞೆ, ಸ್ವತಃ ಡೈವಿಂಗ್ ಮಾಡುವವರು)

ಪ್ರಶ್ನೆ: ದುಬೈಯಲ್ಲಿರುವ ನನ್ನ ತಮ್ಮ ದಸರಾ ರಜೆಯಲ್ಲಿ ನಮ್ಮನ್ನೆಲ್ಲ ಈಜಿಪ್ಟಿನಲ್ಲಿ ಕೆಂಪು ಸಮುದ್ರದ ದಂಡೆಯಲ್ಲಿರುವ ಶರ್ಮ್ ಎಲ್ ಶೇಖ್‌ಗೆ ಕರೆದುಕೊಂಡು ಹೋಗುತ್ತಾನಂತೆ. ನಾನು, ಯಜಮಾನರು, 12 ವರ್ಷದ ಮಗಳು, 68 ವರ್ಷದ ಅತ್ತೆ. ಅವನು ಕಳುಹಿಸಿದ ಪಟ್ಟಿಯ ಪ್ರಕಾರ ಮೂರು ದಿನ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಡೈವಿಂಗ್, ಮೂರನೆಯ ರಾತ್ರಿಯೇ ಸಿನೈ ಬೆಟ್ಟ ಹತ್ತಿ ಸೂರ್ಯೋದಯ ನೋಡುವುದು, ಇಳಿದು ಬಂದು ಸಂಜೆ ವಿಮಾನ. ಮುಳುಗಿದ ಹಡಗೊಂದನ್ನೂ ನೋಡಬೇಕೆಂಬುದು ಅವನ ಆಸೆ. ನಾನು ಕಡಲ ಬದಿಯಲ್ಲೇ ಹುಟ್ಟಿ ಬೆಳೆದವಳು, ಚೆನ್ನಾಗಿ ಈಜು ಬರುತ್ತದೆ. ಅತ್ತೆ ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೋಗಬಹುದೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಧಾರಾಳವಾಗಿ ಹೋಗಿ. ಆದರೆ ತಮ್ಮನ ಪಟ್ಟಿಯನ್ನು ತಲೆಕೆಳಗು ಮಾಡಿಕೊಂಡು ಹೋಗಿ. ಆ ಪಟ್ಟಿ ಓದಿ ನನಗೆ ಗಾಬರಿಯಾಯಿತು. ಅದಕ್ಕಾಗಿ ಬೇರೆ ಪತ್ರಗಳನ್ನು ಬದಿಗಿಟ್ಟು ನಿಮಗೇ ಮೊದಲು ಬರೆಯುತ್ತಿದ್ದೇನೆ.

ನೀರಿನಲ್ಲಿ ಹತ್ತು ಮೀಟರ್ ಇಳಿದರೆ ದೇಹದ ಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ, ಇಪ್ಪತ್ತಕ್ಕೆ ಮೂರು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ನಂತರ ಅದು ಉಸಿರಿನ ಮೂಲಕ ಮೆಲ್ಲಗೆ ಹೊರಹೋಗಬೇಕು, ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಅಷ್ಟರೊಳಗೆ ಒತ್ತಡ ಇನ್ನೂ ಕಡಿಮೆ ಇರುವ ಎತ್ತರದ ಜಾಗಕ್ಕೆ ಹೋದರೆ, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ, ಕರಗಿದ್ದು ಗುಳ್ಳೆಯಾಗಬಹುದು. ಆ ಗುಳ್ಳೆ ಕೀಲಿನಲ್ಲಿ ನಿಂತರೆ ನೋವು, ಬೆನ್ನುಹುರಿಯಲ್ಲಿ ನಿಂತರೆ ಕಾಲಿನ ಶಕ್ತಿಯೇ ಹೋಗಬಹುದು. ಆದ್ದರಿಂದಲೇ ಹಲವು ದಿನ ಡೈವಿಂಗ್ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂಬ ನಿಯಮವಿದೆ. ನಾನು ಎಲ್ಲರಿಗೂ 24 ಗಂಟೆ ಎಂದೇ ಹೇಳುತ್ತೇನೆ.

ವಿಮಾನದ ವಿಷಯ ಬಹಳ ಜನರಿಗೆ ಗೊತ್ತು. ಮರೆಯುವುದು ಬೆಟ್ಟವನ್ನು. ಸಿನೈ ಬೆಟ್ಟದ ಎತ್ತರ 2,285 ಮೀಟರ್. ವಿಮಾನದೊಳಗೆ ಕಾಯ್ದುಕೊಳ್ಳುವ ಗಾಳಿಯ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಎತ್ತರದ್ದು. ಸಂಜೆ ನೀರಿನಿಂದ ಎದ್ದು, ರಾತ್ರಿ ಬಸ್ ಹತ್ತಿ, ನಸುಕಿನಲ್ಲಿ ಶಿಖರದ ಮೇಲೆ ನಿಲ್ಲುವುದೂ ಒಂದೇ, ನೀರಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುವುದೂ ಒಂದೇ. ನಿಮ್ಮ ತಮ್ಮ ಎರಡನ್ನೂ ಒಂದರ ಹಿಂದೆ ಒಂದು ಇಟ್ಟಿದ್ದಾನೆ.

ಹಾಗಾಗಿ ತಲುಪಿದ ಮೇಲೆ ಒಂದು ದಿನ ಸುಧಾರಿಸಿಕೊಂಡು ಮೊದಲು ಬೆಟ್ಟಕ್ಕೆ ಹೋಗಿ. ಅಕ್ಟೋಬರಿನಲ್ಲೂ ನಸುಕಿಗೆ ಮೇಲೆ ಚಳಿಯಿರುತ್ತದೆ, ಸ್ವೆಟರ್ ಬೇಕೇ ಬೇಕು. ಬೆಟ್ಟದ ಬುಡದಲ್ಲಿರುವ ಸೇಂಟ್ ಕ್ಯಾಥರಿನ್ ಮಠ ಆರನೆಯ ಶತಮಾನದ್ದು. ಸಂದರ್ಶಕರಿಗೆ ಬೆಳಿಗ್ಗೆ ಕೆಲವೇ ಗಂಟೆ ತೆರೆದಿರುತ್ತದೆ, ಭುಜ ಮೊಣಕಾಲು ಮುಚ್ಚುವ ಬಟ್ಟೆ ತೊಟ್ಟಿರಿ. ಮರುದಿನ ಚೆನ್ನಾಗಿ ನಿದ್ದೆ ಮಾಡಿ. ಆಮೇಲೆ ಕಡಲು. ಹೊರಡುವ ಹಿಂದಿನ ದಿನ ನೀರಿನಡಿ ಇಳಿಯುವುದು ಬೇಡ. ಆ ದಿನ ಮೇಲುಮೇಲೆ ತೇಲುತ್ತ ಸ್ನಾರ್ಕೆಲಿಂಗ್ ಮಾಡಬಹುದು.

ನೀವು ಕಡಲ ಬದಿಯವರೆಂದು ಹೆಮ್ಮೆಯಿಂದ ಬರೆದಿದ್ದೀರಿ. ಆ ಹೆಮ್ಮೆ ನನಗೂ ಇದೆ. ಆದರೆ ನೀರಿನ ಮೇಲೆ ಜೀವ ಉಳಿಸುವ ನಮ್ಮ ಅಭ್ಯಾಸವೇ ನೀರಿನಡಿಯಲ್ಲಿ ಅಪಾಯ ತರುತ್ತದೆ. ಈಜುವವರು ಹೆದರಿದರೆ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುತ್ತಾರೆ. ಸಿಲಿಂಡರಿನ ಗಾಳಿ ಉಸಿರಾಡುತ್ತಿರುವಾಗ ಹಾಗೆ ಮಾಡಿದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ತರಬೇತುದಾರರು ಕಲಿಸುವ ಮೊದಲ ಪಾಠವೇ ‘ಉಸಿರು ಬಿಗಿಹಿಡಿಯಬೇಡಿ’ ಎಂಬುದು. ಮಗಳಿಗೆ ಅದನ್ನು ಇಂದಿನಿಂದಲೇ ಹೇಳುತ್ತಿರಿ. ಹತ್ತು ವರ್ಷ ದಾಟಿದ್ದರಿಂದ ಅವಳಿಗೆ ಅವಕಾಶವಿದೆ. ಮೊದಲ ಅನುಭವಕ್ಕೆಂದು ಇಳಿಯುವವರನ್ನು, ದೊಡ್ಡವರಿರಲಿ ಚಿಕ್ಕವರಿರಲಿ, 12 ಮೀಟರಿಗಿಂತ ಕೆಳಗೆ ಒಯ್ಯುವಂತಿಲ್ಲ. ಹವಳ ನೋಡಲು ಅಷ್ಟು ಆಳ ಬೇಕಾಗಿಯೂ ಇಲ್ಲ, ಬಣ್ಣವಿರುವುದು ಬೆಳಕಿರುವ ಕಡೆಯಲ್ಲೇ.

ಕಿವಿಯ ಬಗ್ಗೆ ಎರಡು ಮಾತು, ನನ್ನ ಕಸುಬು ಅದು. ಮೂಗು ಹಿಡಿದು ಮೆಲ್ಲಗೆ ಊದಿ ಒತ್ತಡ ಸರಿಮಾಡಿಕೊಳ್ಳುವುದನ್ನು ತಲೆ ಮುಳುಗಿದ ಕೂಡಲೇ ಶುರು ಮಾಡಬೇಕು, ನೋವು ಬರುವವರೆಗೆ ಕಾಯಬಾರದು. ಅತಿ ಹೆಚ್ಚು ಕಿವಿಗಳು ಕೆಡುವುದು ಮೊದಲ ಕೆಲವೇ ಮೀಟರುಗಳಲ್ಲಿ. ಕಿವಿ ಬಿಡಿಸಿಕೊಳ್ಳದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ, ಆಗಲಿಲ್ಲವೆಂದರೆ ದೋಣಿಗೆ ಮರಳಿ. ಶೀತವಿದ್ದರೆ ಆ ದಿನ ಇಳಿಯಲೇಬೇಡಿ. ಮೂಗಿಗೆ ಔಷಧ ಬಿಟ್ಟುಕೊಂಡು ಇಳಿದವರಿಗೆ ಅದರ ಪರಿಣಾಮ ನೀರಿನಡಿಯಲ್ಲೇ ಮುಗಿದುಹೋದರೆ ಮೇಲೆ ಬರುವುದೇ ಕಷ್ಟವಾಗುತ್ತದೆ. ಅಲ್ಲಿ ತುಂಬಿಸಲು ಕೊಡುವ ಆರೋಗ್ಯದ ಫಾರಂನಲ್ಲಿ ಆಸ್ತಮಾ, ಅಪಸ್ಮಾರ, ಹೃದಯದ ತೊಂದರೆ ಯಾವುದನ್ನೂ ಮುಚ್ಚಿಡಬೇಡಿ.

ಅತ್ತೆಯವರ ವಿಷಯ. ನಾವು ಸೆಕೆಗೆ ಒಗ್ಗಿದವರು. ಇಲ್ಲಿ ಬೆವರು ಮೈಮೇಲೆ ನಿಲ್ಲುತ್ತದೆ, ಸೀರೆ ಒದ್ದೆಯಾಗುತ್ತದೆ, ನೀರು ಕುಡಿಯಬೇಕೆಂದು ನೆನಪಾಗುತ್ತದೆ. ಮರಳುಗಾಡಿನ ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದೆ ಆರಿಹೋಗುತ್ತದೆ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವು. ಅದರ ಜೊತೆಗೆ ಈ ಒಣಹವೆಯೂ ಸೇರಿದರೆ ತಲೆ ಸುತ್ತಿ ಬೀಳುವ ಸಂಭವವಿದೆ. ಹೊರಡುವ ಮೊದಲು ಅವರ ವೈದ್ಯರಿಗೆ ಹೋಗುವ ಜಾಗದ ಹವೆಯನ್ನು ಹೇಳಿ ಮಾತ್ರೆಯ ಬಗ್ಗೆ ಕೇಳಿಕೊಳ್ಳಿ. ಬೆಟ್ಟಕ್ಕೆ ಅವರನ್ನು ನಡುರಾತ್ರಿ ಎಬ್ಬಿಸಬೇಡಿ. ಗಾಜಿನ ತಳದ ದೋಣಿಗಳಿವೆ. ನೀವು ಉಸಿರಿನ ಲೆಕ್ಕ ಹಾಕುತ್ತ ನೋಡುವ ಮೀನುಗಳನ್ನೇ ಅವರು ಕುಳಿತಲ್ಲೇ ನೋಡಬಹುದು. ನೀರು ಕುಡಿಯುವ ಮಾತು ನಿಮಗೂ ಅನ್ವಯಿಸುತ್ತದೆ. ದೇಹ ಒಣಗಿದ್ದರೆ ಮೇಲೆ ಹೇಳಿದ ಗುಳ್ಳೆಯ ಕಾಯಿಲೆಯ ಅಪಾಯ ಹೆಚ್ಚು.

ತಮ್ಮ ನೋಡಬೇಕೆನ್ನುವ ಹಡಗು ಥಿಸಲ್‌ಗಾರ್ಮ್ ಇರಬೇಕು. ಯುದ್ಧದ ಸಾಮಗ್ರಿ ಹೊತ್ತು ನಿಂತಿದ್ದ ಈ ಬ್ರಿಟಿಷ್ ಹಡಗನ್ನು 1941ರ ಅಕ್ಟೋಬರ್ 6ರಂದು ಜರ್ಮನ್ ವಿಮಾನಗಳು ಮುಳುಗಿಸಿದವು. ಮೋಟಾರ್ ಸೈಕಲ್, ಲಾರಿ, ಬಂದೂಕು, ಬೂಟುಗಳು ಇಂದಿಗೂ ಅದರ ಒಡಲಲ್ಲಿವೆ. ಒಂಬತ್ತು ಮಂದಿ ಸತ್ತ ಜಾಗ ಅದು, ಅಲ್ಲಿಂದ ನೆನಪಿಗೆಂದು ಏನನ್ನೂ ಎತ್ತಿ ತರಬಾರದು. ತಳ ಸುಮಾರು 30 ಮೀಟರ್, ಸೆಳೆತ ಜೋರು. ಮುಂದಿನ ಹಂತದ ತರಬೇತಿ ಮುಗಿಸಿ ಅನುಭವ ಪಡೆದವನಾಗಿದ್ದರೆ ಹೋಗಲಿ. ಇಲ್ಲದಿದ್ದರೆ ನಿಮ್ಮೆಲ್ಲರ ಜೊತೆ ರಾಸ್ ಮೊಹಮ್ಮದ್‌ಗೆ ಬರಲಿ. 1983ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಆ ನೀರಿನಲ್ಲಿ ಹವಳ ಮುಟ್ಟುವುದು, ಚಿಪ್ಪು ಹೆಕ್ಕುವುದು ನಿಷಿದ್ಧ. ಮಗಳಿಗೆ ಇದನ್ನೂ ಹೇಳಿಡಿ. ಮಲ್ಪೆಯಲ್ಲಿ ಚಿಪ್ಪು ಹೆಕ್ಕಿದ ಕೈ ಸುಮ್ಮನಿರುವುದಿಲ್ಲ.

ಸಾಮಾನ್ಯ ಪ್ರವಾಸ ವಿಮೆಯಲ್ಲಿ ಡೈವಿಂಗ್ ಅನ್ನು ಹೊರಗಿಟ್ಟಿರುವುದೇ ಹೆಚ್ಚು. ಪಾಲಿಸಿ ಓದಿ, ಬೇಕಾದರೆ ಪ್ರತ್ಯೇಕ ವಿಮೆ ಮಾಡಿಸಿ. ವೀಸಾದ ವಿಷಯದಲ್ಲಿ ಗಲ್ಫ್ ನಿವಾಸಿಯಾದ ತಮ್ಮನ ನಿಯಮವೇ ನಿಮಗೂ ಎಂದು ತಿಳಿಯಬೇಡಿ, ಈಜಿಪ್ಟಿನ ದೆಹಲಿ ರಾಯಭಾರ ಕಚೇರಿಯಲ್ಲೋ ಮುಂಬೈ ಕಾನ್ಸುಲೇಟಿನಲ್ಲೋ ವಿಚಾರಿಸಿ. ಡೈವಿಂಗ್ ಆದ ಮೇಲೆ ಯಾರಿಗಾದರೂ ಕೀಲುನೋವು, ಜೋಮು, ವಿಪರೀತ ಸುಸ್ತು ಕಂಡರೆ ‘ಊರಿಗೆ ಹೋಗಿ ತೋರಿಸೋಣ’ ಎನ್ನಬೇಡಿ. ಆಮ್ಲಜನಕ ಕೊಡಿಸಿ, ಗಾಳಿಯ ಒತ್ತಡ ಹೆಚ್ಚಿಸಿ ಗುಳ್ಳೆ ಕರಗಿಸುವ ಒತ್ತಡ ಕೊಠಡಿಯಿರುವ ಆಸ್ಪತ್ರೆಗೆ ಅಲ್ಲೇ ಸೇರಿಸಿ. ಶರ್ಮ್‌ನಲ್ಲಿ ಆ ಸೌಲಭ್ಯವಿದೆ.

ಪ್ರಶ್ನೆ: ಕೆಂಪು ಸಮುದ್ರಕ್ಕೆ ಹೋಗುವಷ್ಟು ಹಣ ನನ್ನಲ್ಲಿಲ್ಲ. ನಮ್ಮ ನೇತ್ರಾಣಿ ದ್ವೀಪದಲ್ಲಿ ಅದೇ ಅನುಭವ ಸಿಗುತ್ತದೆಯೇ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಅದೇ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಕೆಂಪು ಸಮುದ್ರಕ್ಕೆ ವರ್ಷವಿಡೀ ಹರಿಯುವ ಒಂದು ನದಿಯೂ ಸೇರುವುದಿಲ್ಲ, ಮಳೆಯಂತೂ ಅಪರೂಪ. ಮಣ್ಣು ಬಂದು ಬೀಳದ ಕಾರಣ ನೀರು ಅಷ್ಟು ತಿಳಿ. ಆವಿಯಾಗುವುದೇ ಹೆಚ್ಚಾದ್ದರಿಂದ ಉಪ್ಪೂ ಹೆಚ್ಚು: ಸಾಮಾನ್ಯ ಕಡಲಿನ ಲೀಟರಿನಲ್ಲಿ ಸುಮಾರು 35 ಗ್ರಾಂ ಇದ್ದರೆ ಅಲ್ಲಿ 40. ದೇಹ ತೇಲುವುದು ಜಾಸ್ತಿ, ಸೊಂಟಕ್ಕೆ ಕಟ್ಟುವ ಸೀಸದ ತೂಕವೂ ಜಾಸ್ತಿ ಬೇಕು. ನಮ್ಮಲ್ಲಿ ನೇತ್ರಾವತಿ, ಸ್ವರ್ಣಾ, ಸೀತಾ ಎಲ್ಲವೂ ಮಳೆಗಾಲವಿಡೀ ಘಟ್ಟದ ಮಣ್ಣನ್ನು ಅಳಿವೆಗೆ ತಂದು ಸುರಿಯುತ್ತವೆ. ನಮ್ಮ ಬೂತಾಯಿ, ಬಂಗುಡೆಯಲ್ಲಿ ಆ ಮಣ್ಣಿನ ಸಾರದ ಪಾಲೂ ಇದೆ. ಆ ಕಲಕಿದ ನೀರನ್ನು ನಾನು ಎಂದಿಗೂ ಕೀಳೆನ್ನಲಾರೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯ ಬಂಡೆಗಳ ಸುತ್ತ ಮೀನಿನ ಹಿಂಡು ಹಿಂಡೇ ಇದೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ, ಡಿಸೆಂಬರ್ ಹೊತ್ತಿಗೆ ಹೋಗಿ. ಲಂಗರು ಹಾಕಿದ ದೋಣಿ ವಿಪರೀತ ತೂಗುತ್ತದೆ, ವಾಂತಿಯ ಮಾತ್ರೆಯನ್ನು ಹೊರಡುವ ಮೊದಲೇ ನುಂಗಿರಿ. ಮಸುಕು ನೀರಿನಲ್ಲಿ ಕಲಿತವರಿಗೆ ಜೊತೆಗಾರರನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವ ಶಿಸ್ತು ಬಂದಿರುತ್ತದೆ. ತಿಳಿನೀರಿನಲ್ಲೇ ಕಲಿತವರಿಗೆ ಅದು ಅಷ್ಟು ಸುಲಭವಾಗಿ ಬರುವುದಿಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಈಜಿಪ್ಟಿನಲ್ಲಿ ಊಟಕ್ಕೆ ಏನು ಮಾಡುವುದು?
– ಓದುಗರು, ರಥಬೀದಿ, ಉಡುಪಿ

ಉತ್ತರ: ಅನ್ನ, ಮಸೂರ ಬೇಳೆ, ಪಾಸ್ತಾ, ಕಡಲೆ, ಟೊಮೆಟೊ ಸಾರು, ಮೇಲೆ ಗರಿಗರಿ ಹುರಿದ ಈರುಳ್ಳಿ ಹಾಕಿಕೊಡುವ ಕೊಶಾರಿ ಅಲ್ಲಿಯ ಜನಸಾಮಾನ್ಯರ ಊಟ. ಬೆಳಿಗ್ಗೆ ಬೇಯಿಸಿದ ಅವರೆ ಜಾತಿಯ ಕಾಳಿನ ಫೂಲ್, ಅದೇ ಕಾಳನ್ನು ರುಬ್ಬಿ ಕರಿದ ತಾಮೆಯಾ ಎಲ್ಲೆಲ್ಲೂ ಸಿಗುತ್ತವೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಮಾತ್ರ ಕಷ್ಟ, ಅವರು ಅವಲಕ್ಕಿ, ಚಟ್ನಿಪುಡಿ ಒಯ್ಯಲಿ. ಮುಲೂಖಿಯಾ ಎಂಬ ಹಸಿರು ಸಾರನ್ನು ನೋಡಿದರೆ ನಮ್ಮ ಬಸಳೆ ನೆನಪಾಗಿ ಕೈ ಹೋಗುತ್ತದೆ. ಅದನ್ನು ಬಹುಪಾಲು ಕೋಳಿಯ ನೀರಿನಲ್ಲೇ ಬೇಯಿಸುತ್ತಾರೆ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು, ಕೋಳಿ ಬೇಡ, ಮೀನು ಬೇಡ, ಅವು ಬೆಂದ ನೀರೂ ಬೇಡ ಎಂದು ಬಿಡಿಸಿ ಹೇಳಿ.