ಪೊಸೈಡನ್: 1972ರದ್ದು ನೋಡಬೇಕಾ, 2006ರದ್ದಾ?

"ಪೊಸೈಡನ್ ಹಡಗಿನ ಸಿನಿಮಾ ಎರಡಿದೆಯಂತೆ. ಹಳೆಯದು 1972ರದ್ದು, ರೀಮೇಕ್ 2006ರದ್ದು. ಒಂದನ್ನು ನೋಡುವಷ್ಟೇ ಪುರುಸೊತ್ತಿದೆ. ಯಾವುದು ನೋಡಲಿ? ರೀಮೇಕ್ ನಿಜಕ್ಕೂ ಅಷ್ಟು ಕೆಟ್ಟದಾ?" ಎಂದು ಕೇಳಿದ್ದೀರಿ.

1972ರದ್ದು ನೋಡಿ. ರೀಮೇಕ್ ಕೆಟ್ಟ ಸಿನಿಮಾ ಏನಲ್ಲ. ಅದರಲ್ಲಿ ನೀರು, ಬೆಂಕಿ, ಕಬ್ಬಿಣ ಎಲ್ಲ ಮೂಲಕ್ಕಿಂತ ಚೆನ್ನಾಗಿದೆ. ಆದರೆ ಮೂಲವನ್ನು ಹಿಡಿದು ನಿಲ್ಲಿಸಿದ್ದ ಒಂದು ಸಂಗತಿಯನ್ನೇ ಅದು ತೆಗೆದುಹಾಕಿದೆ. ಅದು ಜಗಳ. ಯಾರ ಮಾತು ಕೇಳಬೇಕು, ಇಲ್ಲೇ ಕೂರಬೇಕಾ ಅಥವಾ ಹೊರಡಬೇಕಾ, ಆ ಕಡೆಗಾ ಈ ಕಡೆಗಾ ಎಂಬ ಜಗಳ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಥೆ ಪೂರ್ತಿ ಹೊರಗೆ ಬರುತ್ತದೆ, ಬೇಡ ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಿ ಹೋಗಿ ಸಿನಿಮಾ ನೋಡಿ.

ನಾನು ಕಾಸರಗೋಡಿನ ಕುಂಬಳೆ ಕಡೆಯವನು. ಮೂಲವನ್ನೂ ರೀಮೇಕನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನಮ್ಮೂರಲ್ಲಿ ಹೊಸ ವಿಷಯ ಅಲ್ಲ. 1993ರ 'ಮಣಿಚಿತ್ರತ್ತಾಳ್' ನೋಡಿ ಬೆಳೆದವರೇ 2004ರಲ್ಲಿ 'ಆಪ್ತಮಿತ್ರ' ನೋಡಲು ಮಂಗಳೂರಿಗೆ ಬಸ್ ಹತ್ತಿದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಜತೆಗೆ ತುಳು. ಹಾಗಾಗಿ "ಮೂಲದಲ್ಲಿ ಹೀಗಿತ್ತು" ಎಂಬ ಮಾತು ನಮ್ಮ ಬಾಯಲ್ಲಿ ಯಾವಾಗಲೂ ಇರುತ್ತದೆ. ಆದ್ದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆಯದು ಅನ್ನುವ ಕಾರಣಕ್ಕೇ ಹಳೆಯದನ್ನು ಹೊಗಳುವವನು ನಾನಲ್ಲ. ರೀಮೇಕ್ ಮೂಲಕ್ಕಿಂತ ಬೇರೆ ದಾರಿ ಹಿಡಿಯಬಹುದು, ಹಿಡಿಯಲೇಬೇಕು. ಆದರೆ ಏನನ್ನು ಬಿಟ್ಟು ಏನನ್ನು ತಂದರು ಎಂದು ಕೇಳುವ ಹಕ್ಕು ನೋಡುವವರಿಗೆ ಇದೆ, ಅಲ್ವಾ?

ಎರಡರ ಹಂದರ ಒಂದೇ. ಹೊಸ ವರ್ಷದ ಹಿಂದಿನ ರಾತ್ರಿ. ದೊಡ್ಡ ಪ್ರಯಾಣಿಕ ಹಡಗು. ಊಟದ ಹಾಲ್‌ನಲ್ಲಿ ಕುಣಿತ, ಸಂಗೀತ. ಗೋಡೆಯಂಥ ಒಂದು ಅಲೆ ಬಂದು ಹಡಗು ಪೂರ್ತಿ ಮಗುಚುತ್ತದೆ. ನೆಲ ಮೇಲಾಗುತ್ತದೆ, ಸೂರು ಕೆಳಗಾಗುತ್ತದೆ. ಬದುಕಬೇಕಾದರೆ ಹಡಗಿನ ತಳದ ಕಡೆಗೆ, ಅಂದರೆ ಈಗ ಮೇಲಕ್ಕೆ, ಹತ್ತಬೇಕು. ಮೊದಲನೆಯದಕ್ಕೆ ಆಧಾರ ಪಾಲ್ ಗ್ಯಾಲಿಕೊ ಅವರ 1969ರ ಕಾದಂಬರಿ. ನಿರ್ಮಾಪಕ ಅರ್ವಿನ್ ಆಲೆನ್, ನಿರ್ದೇಶಕ ರೊನಾಲ್ಡ್ ನೀಮ್. ಎರಡನೆಯದನ್ನು ಮಾಡಿದ್ದು ವೋಲ್ಫ್‌ಗಾಂಗ್ ಪೀಟರ್ಸನ್. ಜಲಾಂತರ್ಗಾಮಿಯ ಕಥೆ 'ದಾಸ್ ಬೂಟ್' ಅನ್ನು 1981ರಲ್ಲೇ ಮಾಡಿದ್ದವರು. ಇಕ್ಕಟ್ಟಿನ ಜಾಗದಲ್ಲಿ ಮನುಷ್ಯರನ್ನು ಹೇಗೆ ತೋರಿಸಬೇಕು ಎಂದು ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಕಡಿಮೆ. ಆದ್ದರಿಂದಲೇ ರೀಮೇಕ್ ಬಗ್ಗೆ ನನಗೆ ಬೇಜಾರು ಜಾಸ್ತಿ.

ಮೊದಲು ಅಲೆಯ ವಿಷಯ. ಇದರಲ್ಲಿ ಹೊಸ ಸಿನಿಮಾಕ್ಕೇ ನನ್ನ ಮತ. 1972ರಲ್ಲಿ ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದ ಬಳಿ ಕಡಲ ತಳದಲ್ಲಿ ಭೂಕಂಪವಾಗಿ ಅಲೆ ಏಳುತ್ತದೆ. ಭೂಕಂಪದಿಂದ ಏಳುವ ಅಲೆ, ಅಂದರೆ ಸುನಾಮಿ, ಆಳವಾದ ಕಡಲಲ್ಲಿ ಎತ್ತರ ಇರುವುದೇ ಇಲ್ಲ. ಸಾಮಾನ್ಯವಾಗಿ ಒಂದು ಮೀಟರ್ ಒಳಗೆ. ಹಡಗಿನ ಅಡಿಯಲ್ಲೇ ಹಾದುಹೋದರೂ ಗೊತ್ತಾಗದು. ಅದು ಎತ್ತರ ಆಗುವುದು ದಡದ ಹತ್ತಿರ, ಆಳ ಕಮ್ಮಿಯಾದಾಗ. 2006ರಲ್ಲಿ ಅಟ್ಲಾಂಟಿಕ್‌ನ ನಡುವೆ ತಟ್ಟನೆ ಏಳುವ ರಾಕ್ಷಸ ಅಲೆ. ಅಂಥದ್ದು ನಿಜಕ್ಕೂ ಉಂಟು. 1995ರ ಜನವರಿ 1ರಂದು, ಅದೂ ಹೊಸ ವರ್ಷದ ದಿನವೇ, ಉತ್ತರ ಸಮುದ್ರದಲ್ಲಿ ಅನಿಲಕ್ಕಾಗಿ ಕಡಲ ನಡುವೆ ಕಟ್ಟಿದ ನಾರ್ವೆಯ ಡ್ರಾಪ್ನರ್ ಎಂಬ ಕಟ್ಟೆಯ ಮೇಲಿದ್ದ ಉಪಕರಣ ಸುಮಾರು 25 ಮೀಟರ್ ಎತ್ತರದ ಅಲೆಯನ್ನು ಅಳೆದಿತ್ತು. ಅಲ್ಲಿಯವರೆಗೆ ನಾವಿಕರು ಹೇಳುತ್ತಿದ್ದ ಇಂಥ ಅಲೆಯ ಕಥೆಗಳನ್ನು ವಿಜ್ಞಾನಿಗಳು ಅಷ್ಟಾಗಿ ನಂಬುತ್ತಿರಲಿಲ್ಲ.

ಮಗುಚಿದ ಹಡಗಿನೊಳಗೆ ಗಾಳಿ ಉಳಿದು ಜನ ಬದುಕುವುದು ಸುಳ್ಳಲ್ಲವಾ ಎಂದು ನನ್ನನ್ನು ಕೆಲವರು ಕೇಳಿದ್ದಾರೆ. ಸುಳ್ಳಲ್ಲ. 2013ರಲ್ಲಿ ನೈಜೀರಿಯಾದ ಕರಾವಳಿಯಲ್ಲಿ ಒಂದು ಟಗ್ ಬೋಟ್ ಮಗುಚಿ ತಳ ಸೇರಿತು. ಅದರ ಅಡುಗೆಯವ ಹ್ಯಾರಿಸನ್ ಒಕೆನೆ ಸುಮಾರು 60 ಗಂಟೆ ಕತ್ತಲಲ್ಲಿ, ಒಳಗೆ ಸಿಕ್ಕಿಕೊಂಡ ಗಾಳಿಯಲ್ಲೇ ಉಸಿರಾಡಿ ಬದುಕಿದ. ಹೆಣ ಹುಡುಕಲು ಇಳಿದ ಮುಳುಗುಗಾರರಿಗೆ ಜೀವಂತ ಕೈ ಸಿಕ್ಕಿತು.

ಈಗ ಜನರ ವಿಷಯಕ್ಕೆ ಬರೋಣ. ಹಳೆಯದರಲ್ಲಿ ಅಲೆ ಬರುವ ಹೊತ್ತಿಗೆ ಅರ್ಧ ಗಂಟೆಯ ಹತ್ತಿರ ಆಗಿರುತ್ತದೆ. ಆ ಹೊತ್ತನ್ನು ಸುಮ್ನೆ ಕಳೆದಿಲ್ಲ. ಹಡಗಿನ ಅಡಿಯಲ್ಲಿ ನೀರು ತುಂಬಿಸಿ ಭಾರ ಕೊಡಬೇಕು, ಇಲ್ಲದಿದ್ದರೆ ಮೇಲ್ಭಾರ ಆಗುತ್ತದೆ ಎಂದು ಕ್ಯಾಪ್ಟನ್ ಹೇಳುತ್ತಾನೆ. ತಡವಾಗುತ್ತದೆ, ಓಡಿಸು ಎಂದು ಮಾಲೀಕರ ಕಡೆಯವನು ಪಟ್ಟು ಹಿಡಿಯುತ್ತಾನೆ. ಅಂದರೆ ಅಲೆ ಬರುವ ಮೊದಲೇ ಒಂದು ತಪ್ಪು ನಡೆದುಹೋಗಿದೆ. ಅದರ ಜತೆಗೆ ಜನರ ಪರಿಚಯ. ಸಿಟ್ಟಿನ ಪಾದ್ರಿ ಸ್ಕಾಟ್. ಸಿಡುಕ ಪೊಲೀಸ್ ರೋಗೊ ಮತ್ತು ಅವನ ಹೆಂಡತಿ. ಬಟ್ಟೆ ಅಂಗಡಿಯ ಒಂಟಿ ಮನುಷ್ಯ ಮಾರ್ಟಿನ್. ಮೊಮ್ಮಗನನ್ನು ಮೊದಲ ಸಲ ನೋಡಲು ಹೊರಟ ರೋಸೆನ್ ಅಜ್ಜ ಅಜ್ಜಿ. ಅಕ್ಕ ತಮ್ಮ ಇಬ್ಬರು ಮಕ್ಕಳು. ಒಬ್ಬ ಹಾಡುಗಾರ್ತಿ. ಇವರಲ್ಲಿ ಯಾರಿಗೂ ಮಗುಚಿದ ಹಡಗಿನಲ್ಲಿ ಏನು ಮಾಡಬೇಕು ಎಂದು ಗೊತ್ತಿಲ್ಲ. ಸ್ವಲ್ಪವಾದರೂ ಗೊತ್ತಿರುವುದು ಆ ಚಿಕ್ಕ ಹುಡುಗನಿಗೆ. ಹಡಗಿನವರನ್ನು ಪೀಡಿಸಿ ಕೇಳಿ ತಿಳಿದುಕೊಂಡಿದ್ದಾನೆ. ಪ್ರೊಪೆಲ್ಲರ್ ಹತ್ತಿರ ಹಡಗಿನ ಹೊರಗೋಡೆ ಬರೀ ಒಂದು ಇಂಚು ದಪ್ಪ ಎಂದು ಹೇಳುವವನು ಅವನೇ.

ಹೊಸದರಲ್ಲಿ ಕಾಲು ಗಂಟೆಯ ಆಸುಪಾಸಿನಲ್ಲೇ ಅಲೆ ಬಂದುಬಿಡುತ್ತದೆ. ಉಳಿದವರು ಯಾರೆಂದು ನೋಡಿ. ಒಬ್ಬ ಹಿಂದೆ ಅಗ್ನಿಶಾಮಕ ದಳದಲ್ಲಿದ್ದು ಮೇಯರ್ ಕೂಡ ಆಗಿದ್ದವ. ಒಬ್ಬ ಜೂಜುಗಾರ, ಆದರೆ ನೌಕಾಪಡೆಯಲ್ಲಿದ್ದವ. ಒಬ್ಬ ಕಟ್ಟಡಗಳ ನಕ್ಷೆ ಮಾಡುವ ಆರ್ಕಿಟೆಕ್ಟ್. ಆ ಗಳಿಗೆಗೆ ಬೇಕಾದವರೆಲ್ಲ ಸರಿಯಾಗಿ ಅಲ್ಲೇ ಇದ್ದಾರೆ. ಆದ್ದರಿಂದ ಜಗಳಕ್ಕೆ ಜಾಗ ಇಲ್ಲ. ಒಬ್ಬ "ಈ ಕಡೆ" ಅನ್ನುತ್ತಾನೆ, ಎಲ್ಲರೂ ಆ ಕಡೆ ಹೋಗುತ್ತಾರೆ. ನಡುವೆ ಸಣ್ಣಪುಟ್ಟ ವಾದ ಬರುತ್ತದೆ, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಹಳೆಯದರಲ್ಲಿ ಊಟದ ಹಾಲ್‌ನ ಆ ಭಾಗವನ್ನು ಗಮನ ಇಟ್ಟು ನೋಡಿ. ಮೇಜುಗಳು ತಲೆಯ ಮೇಲೆ ತೂಗುತ್ತಿವೆ. ಒಬ್ಬ ಒಂದು ಮೇಜಿಗೆ ಜೋತುಬಿದ್ದು ಕೈ ಸೋತು ಕೆಳಗಿನ ಗಾಜಿನ ದೀಪದ ಮೇಲೆ ಬೀಳುತ್ತಾನೆ. ಪಾದ್ರಿ, ಕ್ರಿಸ್‌ಮಸ್ ಮರವನ್ನು ಏಣಿ ಮಾಡಿಕೊಂಡು ಹತ್ತೋಣ ಅನ್ನುತ್ತಾನೆ. ಹಡಗಿನ ಅಧಿಕಾರಿ, ಯಾರೂ ಅಲ್ಲಾಡಬೇಡಿ, ಸಹಾಯ ಬರುತ್ತದೆ ಅನ್ನುತ್ತಾನೆ. ಹೆಚ್ಚಿನವರು ಅಧಿಕಾರಿಯ ಮಾತು ಕೇಳುತ್ತಾರೆ. ನಾವೂ ಅಲ್ಲಿದ್ದರೆ ಹಾಗೇ ಮಾಡುತ್ತಿದ್ದೆವು. ಗಾಯವಾದವರನ್ನು ಬಿಟ್ಟು ಬರಲಾರೆ ಎಂದು ಇನ್ನೊಬ್ಬ ವಯಸ್ಸಾದ ಪಾದ್ರಿ ಅಲ್ಲೇ ಉಳಿಯುತ್ತಾನೆ. ಅವನನ್ನು ಸಿನಿಮಾ ದಡ್ಡ ಎಂದು ತೋರಿಸುವುದಿಲ್ಲ. ಹತ್ತಿದವರು ಬೆರಳೆಣಿಕೆಯ ಜನ. ನೀರು ನುಗ್ಗಿದ ಮೇಲೆ ಉಳಿದವರೆಲ್ಲ ಒಟ್ಟಿಗೇ ಮರಕ್ಕೆ ಮುಗಿಬೀಳುತ್ತಾರೆ, ಮರ ಬೀಳುತ್ತದೆ. ಆಮೇಲೆ ಇನ್ನೊಂದು ಕಡೆಯಿಂದ ಒಂದು ಗುಂಪು ಎದುರಾಗುತ್ತದೆ. ಅವರು ಹಡಗಿನ ಮುಂಭಾಗಕ್ಕೆ ಹೊರಟಿದ್ದಾರೆ, ನಮ್ಮವರು ಹಿಂಭಾಗಕ್ಕೆ. ಒಬ್ಬರ ಮಾತು ಇನ್ನೊಬ್ಬರು ಕೇಳುವುದಿಲ್ಲ. ಅವರು ಹಾಗೇ ಸಾಲಾಗಿ ನಡೆದು ಹೋಗುತ್ತಾರೆ.

ನಮ್ಮ ಪಕ್ಕದ ಮನೆಯ ಅಣ್ಣ ಮಂಗಳೂರು ದಕ್ಕೆಯಿಂದ, ಅಂದರೆ ಬಂದರಿನಿಂದ, ಹೋಗುವ ಮೀನುಗಾರಿಕೆ ಬೋಟಿನಲ್ಲಿ ಕೆಲಸಕ್ಕಿರುವವರು. ಜೂನ್, ಜುಲೈ ಎರಡು ತಿಂಗಳು ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ. ಅಂಥ ಒಂದು ಮಳೆಗಾಲದಲ್ಲಿ ಎರಡೂ ಸಿನಿಮಾವನ್ನು ಅವರ ಜತೆ ಕೂತು ನೋಡಿದೆ. ಚಿಕ್ಕವರಿದ್ದಾಗ ಅವರು ಹೋಗುತ್ತಿದ್ದ ನಾಡದೋಣಿ ಅಳಿವೆಯಲ್ಲಿ ಮಗುಚಿತ್ತಂತೆ. ಹೊಳೆ ಕಡಲಿಗೆ ಸೇರುವಲ್ಲಿ ಮರಳು ದಿಬ್ಬ ಎದ್ದು, ಅಲೆ ಅಲ್ಲೇ ಒಡೆಯುತ್ತದೆ. ಮಳೆಗಾಲದಲ್ಲಿ ಅದು ದೋಣಿಗಳಿಗೆ ಅಪಾಯದ ಜಾಗ. ಹಳೆಯ ಸಿನಿಮಾದ ಆ ಎರಡು ಗುಂಪು ಎದುರಾಗುವ ಭಾಗ ಬಂದಾಗ ಅವರು ಹೇಳಿದರು: "ಹೀಗೇ ಮಾರಾಯಾ. ದೋಣಿ ಹಿಡ್ಕೊಂಡೇ ಇರುವ ಅಂತ ಒಬ್ಬ. ಈಜಿ ದಡಕ್ಕೆ ಹೋಗುವ ಅಂತ ಇನ್ನೊಬ್ಬ. ಅಲೆಗಿಂತ ಜೋರು ನಮ್ಮ ಬೊಬ್ಬೆಯೇ ಇತ್ತು." ಹೊಸದು ನೋಡುವಾಗ ಅವರು ಅಲೆಯನ್ನು ಮೆಚ್ಚಿದರು. ಹಡಗು ತಿರುಗುವುದನ್ನು ಇನ್ನೊಂದು ಸಲ ಹಾಕು ಎಂದರು. ಜನರ ಬಗ್ಗೆ ಏನೂ ಹೇಳಲಿಲ್ಲ.

ಸಾವಿನ ವಿಷಯದಲ್ಲಂತೂ ಎರಡಕ್ಕೂ ಅಜಗಜಾಂತರ. ಹೊಸದರಲ್ಲಿ ಲಿಫ್ಟಿನ ಬಾವಿಯ ಭಾಗ ಇದೆ. ಆರ್ಕಿಟೆಕ್ಟ್ ಮೇಲೆ ನೇತಾಡುತ್ತಿದ್ದಾನೆ. ಅವನ ಕಾಲು ಹಿಡಿದು ಹಡಗಿನ ವೇಟರ್ ವ್ಯಾಲೆಂಟಿನ್ ಜೋತುಬಿದ್ದಿದ್ದಾನೆ. ಅವನನ್ನು ಒದ್ದು ಕೆಳಗೆ ಬೀಳಿಸು ಎಂದು ಮೇಲಿನಿಂದ ಕೂಗು. ಅವನು ಒದೆಯುತ್ತಾನೆ. ಎಂಥ ಭಯಂಕರ ಗಳಿಗೆ! ಅಲ್ಲಿಯವರೆಗೆ ಇವರಿಗೆ ದಾರಿ ತೋರಿಸಿದವನು ಆ ವೇಟರ್. ಮೂಲದಲ್ಲಿ ಇಲ್ಲದ, ಮೂಲಕ್ಕಿಂತ ಖಾರವಾದ ದೃಶ್ಯ ಇದು. ಇದೊಂದನ್ನೇ ಹಿಡಿದುಕೊಂಡಿದ್ದರೂ ರೀಮೇಕ್ ದೊಡ್ಡ ಸಿನಿಮಾ ಆಗುತ್ತಿತ್ತು. ಆದರೆ ಅದು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒದ್ದವನಿಗೆ ಆಮೇಲೆ ಏನನ್ನಿಸಿತು, ಜತೆಗಿದ್ದವರು ಅವನನ್ನು ಹೇಗೆ ನೋಡಿದರು, ಬಿದ್ದವನು ವೇಟರ್ ಅಲ್ಲದೆ ಮೇಯರ್ ಆಗಿದ್ದರೆ ಕೂಗು ಬರುತ್ತಿತ್ತಾ? ಈ ಪ್ರಶ್ನೆಗಳನ್ನೆಲ್ಲ ಎತ್ತಿ, ನೆಲಕ್ಕೆ ಬಿಟ್ಟು ಮುಂದಕ್ಕೆ ಓಡುತ್ತದೆ.

ಹಳೆಯದರಲ್ಲಿ ರೋಸೆನ್ ಅಜ್ಜಿ ಸಾಯುವುದನ್ನು ನೋಡಿ. ದಪ್ಪ ಮೈ, ಹತ್ತಲು ಕಷ್ಟ, ಎಲ್ಲರಿಗೂ ಭಾರ ಆಗುತ್ತಿದ್ದೇನೆ ಎಂಬ ಸಂಕೋಚ. ನೀರಿನಡಿ ದಾಟಬೇಕಾದ ಒಂದು ಜಾಗದಲ್ಲಿ ಪಾದ್ರಿ ಸಿಕ್ಕಿಬೀಳುತ್ತಾನೆ. ಹುಡುಗಿಯಾಗಿದ್ದಾಗ ಈಜಿನಲ್ಲಿ ಗೆದ್ದಿದ್ದ ಆ ಅಜ್ಜಿ ಧುಮುಕಿ ಅವನನ್ನು ಬಿಡಿಸುತ್ತಾಳೆ. ಆ ಕಡೆ ತಲುಪಿದ ಮೇಲೆ ಅವಳ ಹೃದಯ ನಿಲ್ಲುತ್ತದೆ. ಸಾಯುವ ಮುಂಚೆ ಕೊರಳ ಪದಕವನ್ನು ಮೊಮ್ಮಗನಿಗೆ ಕೊಡಿ ಎಂದು ಕೊಡುತ್ತಾಳೆ. ಆಮೇಲೆ ಗಂಡ ಬರುತ್ತಾನೆ. ಅವಳನ್ನು ಬಿಟ್ಟು ಕದಲಲು ಒಪ್ಪುವುದಿಲ್ಲ. ಅವನನ್ನು ಎಬ್ಬಿಸಬೇಕು. ನೀರು ಏರುತ್ತಿದ್ದರೂ ಸಿನಿಮಾ ಆ ಮುದುಕನಿಗೆ ಬೇಕಾದಷ್ಟು ಹೊತ್ತು ಕೊಡುತ್ತದೆ. ಶೆಲ್ಲಿ ವಿಂಟರ್ಸ್ ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದರು. ಹೊಸದರಲ್ಲೂ ಕೊರಳಿನದೊಂದು ಇದೆ. ಎಲೆನಾ ಎಂಬ ಹುಡುಗಿಯ ಶಿಲುಬೆ. ಗಾಳಿಕೊಳವೆಯ ಜಾಲರಿಯ ಸ್ಕ್ರೂ ತಿರುಗಿಸಲು ಅದು ಉಪಯೋಗಕ್ಕೆ ಬರುತ್ತದೆ. ಆ ದೃಶ್ಯ ತುಂಬಾ ಚೆನ್ನಾಗಿದೆ. ಕೊಳವೆಯಲ್ಲಿ ಒಬ್ಬರ ಹಿಂದೊಬ್ಬರು ತೆವಳುತ್ತಿದ್ದಾರೆ, ಕೆಳಗಿನಿಂದ ನೀರು ಬರುತ್ತಿದೆ, ಸ್ಕ್ರೂ ಜಾರುತ್ತಿದೆ. ನನಗೂ ಉಸಿರು ಕಟ್ಟಿತು. ಪೀಟರ್ಸನ್ ಕೈಚಳಕ ಅಂದರೆ ಇದು. ಆದರೆ ಒಂದು ಸಿನಿಮಾದಲ್ಲಿ ಪದಕ ಮೊಮ್ಮಗನಿಗೆ ಹೋಗುತ್ತದೆ, ಇನ್ನೊಂದರಲ್ಲಿ ಸ್ಕ್ರೂ ಬಿಚ್ಚುತ್ತದೆ. ಎರಡರ ವ್ಯತ್ಯಾಸ ನನಗೆ ಪೂರ್ತಿ ಕಂಡದ್ದು ಇಲ್ಲೇ.

ಕೊನೆಯ ಭಾಗವೂ ಹಾಗೇ. ಬಿಸಿ ಹಬೆ ದಾರಿ ಕಟ್ಟಿರುವಾಗ ಪಾದ್ರಿ ಹಾರಿ ವಾಲ್ವ್‌ಗೆ ಜೋತುಬಿದ್ದು, ದೇವರನ್ನೇ ಬೈಯುತ್ತಾ ಅದನ್ನು ತಿರುಗಿಸಿ ಕೆಳಗೆ ಬೀಳುತ್ತಾನೆ. ಅದಕ್ಕೆ ಸ್ವಲ್ಪ ಮೊದಲು ರೋಗೊನ ಹೆಂಡತಿ ಸತ್ತಿರುತ್ತಾಳೆ. ಇಡೀ ಸಿನಿಮಾದಲ್ಲಿ ಪಾದ್ರಿಯ ಜತೆ ಜಗಳವಾಡಿದ ರೋಗೊ ಕುಸಿದು ಕೂತಿರುತ್ತಾನೆ. ಈಗ ಉಳಿದವರನ್ನು ಮುಂದೆ ಕರೆದೊಯ್ಯಬೇಕಾದವನು ಅವನೇ. ಜಗಳ ಇದ್ದದ್ದಕ್ಕೇ ಅವನು ಏಳುವುದಕ್ಕೆ ಬೆಲೆ. ರೀಮೇಕಿನಲ್ಲಿ ಮಾಜಿ ಮೇಯರ್ ಮಗಳಿಗಾಗಿ ನೀರಿನಡಿ ಹೋಗಿ ಸಾಯುತ್ತಾನೆ. ಕರ್ಟ್ ರಸಲ್ ಅದನ್ನು ಮನಮುಟ್ಟುವಂತೆ ಮಾಡಿದ್ದಾರೆ, ಮುಳುಗುವ ಮನುಷ್ಯನ ಮುಖ ನೋಡಲು ಆಗುವುದಿಲ್ಲ. ಆದರೆ ಅವನು ಮೊದಲಿನಿಂದಲೂ ಅಂಥ ಮನುಷ್ಯನೇ. ಅವನಲ್ಲಿ ಏನೂ ಬದಲಾಗಬೇಕಾಗಿರಲಿಲ್ಲ.

ಹಳೆಯದರಲ್ಲಿ ಕೊರತೆ ಇಲ್ಲವೆಂದಲ್ಲ. ದೂರದಿಂದ ತೋರಿಸುವ ಹಡಗು ಮಾಡೆಲ್ ಎಂದು ಗೊತ್ತಾಗುತ್ತದೆ. ಪಾದ್ರಿಯ ಭಾಷಣ ಕೆಲವು ಕಡೆ ಉದ್ದ. ಹಾಡುಗಾರ್ತಿಗೆ ಹೆದರುವುದು ಬಿಟ್ಟರೆ ಬೇರೆ ಕೆಲಸ ಕೊಟ್ಟಿಲ್ಲ. ಹೆಂಗಸರ ಉಡುಪಿನ ಬಗ್ಗೆ ಕ್ಯಾಮೆರಾ ತೋರಿಸುವ ಆಸಕ್ತಿ ಈಗ ನೋಡಲು ಹಿಂಸೆ. ಖರ್ಚಿನಲ್ಲಂತೂ ಹೋಲಿಕೆಯೇ ಇಲ್ಲ. ಹಳೆಯದು 50 ಲಕ್ಷ ಡಾಲರ್ ಆಸುಪಾಸಿನಲ್ಲಿ ಮುಗಿದಿತ್ತು. ಹೊಸದಕ್ಕೆ ಸುಮಾರು 16 ಕೋಟಿ ಡಾಲರ್.

ನಮ್ಮ ಕೇರಳದ್ದೇ ಒಂದು ಉದಾಹರಣೆ ಕೊಡುತ್ತೇನೆ. 2018ರ ಪ್ರವಾಹದ ಬಗ್ಗೆ ಜೂಡ್ ಆಂಟನಿ ಜೋಸೆಫ್ ಮಾಡಿದ '2018' ಬಂದದ್ದು 2023ರಲ್ಲಿ. ಆ ಪ್ರವಾಹದಲ್ಲಿ ಕಾಸರಗೋಡಿಗೆ ತೆಂಕಣ ಜಿಲ್ಲೆಗಳಷ್ಟು ಏಟು ಬೀಳಲಿಲ್ಲ. ಆದರೂ ಇಲ್ಲಿನ ಥಿಯೇಟರಿನಲ್ಲಿ ಜನ ಅತ್ತರು. ನೀರು ಏರುವ ಮೊದಲೇ ಆ ಸಿನಿಮಾ ಸಾಕಷ್ಟು ಹೊತ್ತು ತೆಗೆದುಕೊಂಡು ಊರಿನವರನ್ನು ಪರಿಚಯ ಮಾಡಿಸಿತ್ತು. 1972ರಲ್ಲಿ ಗೊತ್ತಿದ್ದ ಈ ಸಂಗತಿ 2023ರಲ್ಲೂ ಕೆಲಸ ಮಾಡಿತು. ನಡುವೆ 2006ರಲ್ಲಿ, ಅಷ್ಟು ಅನುಭವ ಇದ್ದ ನಿರ್ದೇಶಕರ ಕೈಯಲ್ಲಿ, ಯಾಕೆ ಬಿಟ್ಟುಹೋಯಿತು ಎನ್ನುವುದೇ ನನ್ನ ಸಂಕಟ.

ಮುಂದೆ ಪುರುಸೊತ್ತಾಗಿ ಎರಡನ್ನೂ ನೋಡುವುದಾದರೂ ಹಳೆಯದನ್ನೇ ಮೊದಲು ನೋಡಿ. ಹೊಸದರ ಅಲೆ ನೋಡಿದ ಕಣ್ಣಿಗೆ ಹಳೆಯದರ ಮಾಡೆಲ್ ಹಡಗು ಸಪ್ಪೆ ಅನ್ನಿಸಿ, ಆ ಮೊದಲ ಅರ್ಧ ಗಂಟೆಯಲ್ಲೇ ಎದ್ದುಹೋಗುವ ಸಾಧ್ಯತೆ ಇದೆ. ಹೊಸದು ಬರೀ 98 ನಿಮಿಷ. ಅದನ್ನು ಮೊಬೈಲಿನಲ್ಲಿ ಬೇಡ, ಸಿಕ್ಕಿದಷ್ಟು ದೊಡ್ಡ ಪರದೆಯಲ್ಲಿ, ಸೌಂಡ್ ಚೆನ್ನಾಗಿಟ್ಟು ನೋಡಿ. 2005ರಲ್ಲಿ ಟಿವಿಗೆ ಮಾಡಿದ ಇನ್ನೊಂದು ಪೊಸೈಡನ್ ಕೂಡ ಇದೆ. ಅದರಲ್ಲಿ ಅಲೆಯ ಬದಲು ಭಯೋತ್ಪಾದಕರು. ಅದನ್ನು ಬಿಟ್ಟುಬಿಡಿ.