ಯೇಸುವಿನ ಶಿಷ್ಯನಾಗಲು ಕೆಲಸ ಬಿಡಬೇಕೇ ಎಂದು ಕೇಳಿದವರಿಗೆ

ಬಿಡಬೇಡಿ. ಈ ತಿಂಗಳಂತೂ ಬಿಡಲೇಬೇಡಿ.

ಬಟ್ಟೆ ಅಂಗಡಿಯಲ್ಲಿ ದುಡಿಯುವ ಸಾಮಾನ್ಯ ಮನುಷ್ಯ ನಾನು, ಯೇಸು ಕರೆಯುತ್ತಿದ್ದಾನೆ ಎನಿಸುತ್ತಿದೆ, ಕೆಲಸ ಬಿಟ್ಟು ಬೈಬಲ್ ತರಬೇತಿಗೆ ಸೇರಲೇ ಎಂದು ಕೇಳಿದ್ದೀರಿ. ಅರ್ಜಿಗೆ ತಿಂಗಳ ಕೊನೆಯೇ ಗಡುವು ಎಂದಿದ್ದೀರಿ. ಕೊನೆಯಲ್ಲಿ ಇನ್ನೊಂದು ಸಾಲಿದೆ: ಮಾಲೀಕರಿಂದ ಪಡೆದ ಮುಂಗಡ ಸ್ವಲ್ಪ ಬಾಕಿ ಇದೆ, ಅದನ್ನು ದೇವರು ನೋಡಿಕೊಳ್ಳುತ್ತಾನೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ಮಾತನ್ನು ನಾನೂ ಹೇಳಿದ್ದೆ.

2009ರ ನವೆಂಬರ್. ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ವಯಸ್ಸು 24, ಸಂಬಳ 3,500 ರೂಪಾಯಿ. ಮೆಕ್ಕೆಜೋಳದ ಸುಗ್ಗಿ. ಜಗಳೂರು, ಹೊನ್ನಾಳಿ, ಹರಪನಹಳ್ಳಿ ಕಡೆಯ ಟ್ರ್ಯಾಕ್ಟರುಗಳು ನಸುಕಿನಿಂದಲೇ ಸಾಲುಗಟ್ಟುತ್ತಿದ್ದವು. ಒಂದು ಭಾನುವಾರದ ಆರಾಧನೆಯಲ್ಲಿ ಲೇವಿಯ ವಿಷಯ ಬಂತು. ಸುಂಕದ ಕಟ್ಟೆಯಲ್ಲಿ ಕುಳಿತಿದ್ದವನು ಯೇಸು ಕರೆದ ಕೂಡಲೇ ಎಲ್ಲವನ್ನೂ ಬಿಟ್ಟು ಎದ್ದನೆಂದು ಸುವಾರ್ತೆ ಬರೆದ ಲೂಕನು ಹೇಳುತ್ತಾನೆ. ನಾನೂ ಕುಳಿತು ಲೆಕ್ಕ ಬರೆಯುವವನೇ. ನನ್ನ ಹೆಸರು ಹಿಡಿದು ಕೂಗಿದಂತಾಯಿತು. ಆ ಕರೆ ನಿಜವೆಂದು ಇಂದಿಗೂ ನಂಬುತ್ತೇನೆ.

ನನ್ನ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೊರಗಿನವರಿಗೆ ಅದು ತಪ್ಪೆಂದೇ ಕಾಣುವುದಿಲ್ಲ. ರೈತ ಮಾಲು ತಂದು ಅಂಗಡಿಯ ಮುಂದೆ ರಾಶಿ ಹಾಕುತ್ತಾನೆ. ದರ ನಿಂತ ಮೇಲೆ ಹಮಾಲರು ಚೀಲ ತುಂಬಿ ತೂಗುತ್ತಾರೆ. ತೂಕದ ಚೀಟಿ ಗುಮಾಸ್ತನ ಕೈಗೆ ಬರುತ್ತದೆ. ಅವನು ಅದನ್ನು ಪುಸ್ತಕಕ್ಕೆ ಏರಿಸಿದರೆ ಮಾತ್ರ ರೈತನಿಗೆ ಹಣ. ಏರಿಸದಿದ್ದರೆ ಆ ಕಾಳು ಅಂಗಡಿಗೆ ಬಂದೇ ಇಲ್ಲ ಎಂದಾಗುತ್ತದೆ. ಸೋಮವಾರ ಜಗಳೂರು ಕಡೆಯ ಒಬ್ಬ ರೈತರ ಮೆಕ್ಕೆಜೋಳ ಎರಡು ಸಲ ತೂಕಕ್ಕೆ ಬಂತು. ಬೆಳಿಗ್ಗೆ 22 ಚೀಲ, ಸಂಜೆ 16. ಬೆಳಗಿನದನ್ನು ಬರೆದೆ. ಸಂಜೆಯ ಚೀಟಿಯನ್ನು, ನಾಳೆ ಬರೆದರಾಯಿತು ಎಂದು ಅಂಗಿಯ ಜೇಬಿಗಿಟ್ಟೆ. ಆದರೆ ಮರುದಿನ ಬೆಳಿಗ್ಗೆ, ನಾನು ದೇವರ ಸೇವೆಗೆ ಹೊರಟೆ ಎಂದು ಅಂಗಡಿಯ ಹುಡುಗನ ಬಳಿ ಹೇಳಿ ಕಳುಹಿಸಿ, ತರಬೇತಿಗೆಂದು ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಮರೆವು ಯಾರಿಗೂ ಬರುತ್ತದೆ. ನನಗೆ ನೆನಪಾಯಿತು, ಅದೂ ಹರಿಹರದಲ್ಲಿ, ತುಂಗಭದ್ರೆಯ ಸೇತುವೆಯ ಮೇಲೆ. ಟಿಕೆಟ್ ಇಡಲು ಜೇಬಿಗೆ ಕೈ ಹಾಕಿದರೆ ಚೀಟಿ. ಇಳಿದಿದ್ದರೆ ಒಂದು ತಾಸಿನೊಳಗೆ ಅಂಗಡಿಯಲ್ಲಿರುತ್ತಿದ್ದೆ. ಅದೂ ಬೇಡ, ಒಂದು ರೂಪಾಯಿಯ ಫೋನ್ ಕರೆ ಸಾಕಾಗಿತ್ತು. ಆಗ ನನ್ನ ಮನಸ್ಸು ಒಂದು ವಚನವನ್ನು ಮುಂದಿಟ್ಟಿತು: ನೇಗಿಲಿಗೆ ಕೈ ಹಾಕಿದವನು ಹಿಂದಕ್ಕೆ ನೋಡಬಾರದು. ಲೂಕ 9:62. ದೇವರ ವಾಕ್ಯದಿಂದಲೇ ನನ್ನ ಮನಸ್ಸಾಕ್ಷಿಯ ಬಾಯಿ ಮುಚ್ಚಿದೆ. ರೈತನನ್ನು ದೇವರು ನೋಡಿಕೊಳ್ಳುತ್ತಾನೆ ಎಂದುಕೊಂಡೆ. ದೇವರು ನೋಡಿಕೊಳ್ಳಲೆಂದೇ ನನ್ನನ್ನು ಆ ಅಂಗಡಿಯಲ್ಲಿ ಕೂರಿಸಿದ್ದನಲ್ಲ, ಅದು ಹೊಳೆಯಲಿಲ್ಲ. ಇಷ್ಟು ವರ್ಷಗಳಾದರೂ ಆ ಸೇತುವೆ ದಾಟುವಾಗ ನನ್ನ ಕೈ ತಾನಾಗಿ ಜೇಬು ಮುಟ್ಟುತ್ತದೆ.

ತರಬೇತಿಯಲ್ಲಿ ಐದು ತಿಂಗಳಿದ್ದೆ. ಏಪ್ರಿಲ್‌ನಲ್ಲಿ ಮತ್ತಾಯ 5:23, 24ರ ಪಾಠ ಬಂತು. ಕಾಣಿಕೆ ತಂದವನಿಗೆ ಸಹೋದರನ ದೂರು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗಬೇಕು. ಅಂದು ಮಧ್ಯಾಹ್ನವೇ ಟ್ರಂಕಿನಿಂದ ಚೀಟಿ ತೆಗೆದುಕೊಂಡು ಹೊರಟೆ. ಹಳೆಯ ಮಾಲೀಕರು ಮಾರ್ಚ್ ಲೆಕ್ಕ ಮುಗಿದಿದೆ ಎಂದು ಕೈ ಆಡಿಸಿದರು. ಅಲ್ಲಿಂದ ರೈತರ ಊರಿಗೆ ಹೋದೆ. ಸಂಜೆಯ 16 ಚೀಲದ ತೂಕ 9 ಕ್ವಿಂಟಲ್ 60 ಕಿಲೋ, ಅಂದಿನ 800 ರೂಪಾಯಿ ದರದಲ್ಲಿ 7,680 ರೂಪಾಯಿ. ಅವರು ಮೂರು ಸಲ ದಾವಣಗೆರೆಗೆ ಬಂದು ವಾದಿಸಿದ್ದರು. ಪ್ರತಿ ಸಲವೂ ಅಂಗಡಿಯವರು ಪುಸ್ತಕ ತೆರೆದು 22 ಚೀಲ ತೋರಿಸಿ ಕಳುಹಿಸಿದ್ದರು. ಅದಕ್ಕಿಂತ ಹೆಚ್ಚಿನ ನೋವು ಮನೆಯೊಳಗಿತ್ತು. ಉಳಿದ ಹಣ ಏನು ಮಾಡಿದಿರಿ ಎಂದು ಹೆಂಡತಿ ಮತ್ತು ಮಗನೇ ಕೇಳಿದ್ದರು. ಐದು ತಿಂಗಳು ಆ ಮನುಷ್ಯ ತನ್ನ ಮನೆಯಲ್ಲಿ ಸುಳ್ಳನಾಗಿ ಬದುಕಿದ್ದರು.

ಅವರು ನನ್ನನ್ನು ಬೈಯಲಿಲ್ಲ. ಹೆಂಡತಿ, ಮಗನನ್ನು ಕರೆದು, "ಗಟ್ಟಿಯಾಗಿ ಓದು" ಎಂದರು. ತಾರೀಖು, ಚೀಲ, ತೂಕ, ಎಲ್ಲ ಓದಿದೆ. ಆಮೇಲೆ ಕೇಳಿದರು: "ಇಷ್ಟು ದಿನವಾದ ಮೇಲೆ ಇದನ್ನು ತಂದುಕೊಡು ಎಂದು ನಿನಗೆ ಹೇಳಿದ್ದು ಯಾರು ತಮ್ಮಾ?" ನಾನು ಯೇಸುವಿನ ವಿಷಯ ಹೇಳಿದೆ, ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆಂದ ಯೆರಿಕೋ ಊರಿನ ಸುಂಕದವನು ಜಕ್ಕಾಯನ ವಿಷಯ ಹೇಳಿದೆ. ಬಸ್ ನಿಲ್ದಾಣಗಳಲ್ಲಿ ಐದು ತಿಂಗಳು ಕರಪತ್ರ ಹಂಚಿದ್ದೆ. ಹೀಗೆ ತಾವಾಗಿ ಯಾರೂ ಕೇಳಿರಲಿಲ್ಲ. ಜಕ್ಕಾಯನಂತೆ ನಾಲ್ಕು ಪಟ್ಟು ಕೊಡುತ್ತೇನೆ ಎಂದರೆ ಅವರು ಒಪ್ಪಲಿಲ್ಲ, ನನ್ನ ಕಾಳಿನ ಹಣ ಸಾಕು ಎಂದರು. ತರಬೇತಿ ಬಿಟ್ಟು ಬೇರೊಂದು ಅಂಗಡಿಯಲ್ಲಿ ಲೆಕ್ಕಕ್ಕೆ ಕುಳಿತೆ. ತೀರಿಸಲು ಎಂಟು ತಿಂಗಳು ಹಿಡಿಯಿತು. ಈಗಲೂ ಅದೇ ಕೆಲಸದಲ್ಲಿದ್ದೇನೆ, ಬುಧವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತದೆ.

ಈಗ ನಿಮ್ಮ ಪ್ರಶ್ನೆ. ಅದರ ಬುಡವೇ ನನಗೆ ಒಪ್ಪಿಗೆಯಿಲ್ಲ. ಸಾಮಾನ್ಯನಾಗಿ ಇರುವುದು ಒಂದು ಕಡೆ, ಶಿಷ್ಯನಾಗುವುದು ಇನ್ನೊಂದು ಕಡೆ, ನಡುವೆ ದಾಟಬೇಕಾದ ಹೊಳೆ ಇದೆ ಎಂದು ನೀವು ತಿಳಿದಂತಿದೆ. ಹಾಗಿಲ್ಲ. ಯೇಸುವಿನ ಆಪ್ತ ಶಿಷ್ಯರಾದ ಪೇತ್ರ ಯೋಹಾನರೇ ಓದಿಲ್ಲದ ಸಾಮಾನ್ಯರೆಂದು ಯೆಹೂದ್ಯರ ಹಿರಿಸಭೆಯವರು ಬೆರಗಾದದ್ದು ಅಪೊಸ್ತಲರ ಕೃತ್ಯಗಳು 4:13ರಲ್ಲಿದೆ. ನಾನು ಅರ್ಧ ಮಾತ್ರ ಕೇಳಿಸಿಕೊಂಡಿದ್ದ ಲೇವಿಯ ಕಥೆಯನ್ನೂ ಪೂರ್ತಿ ಓದಿ. ಎದ್ದು ಹೋದವನು ಮೊದಲು ಮಾಡಿದ್ದು ತನ್ನ ಮನೆಯಲ್ಲಿ ದೊಡ್ಡ ಔತಣ, ಊಟಕ್ಕೆ ಕುಳಿತವರಲ್ಲಿ ಸುಂಕದವರೇ ಬಹಳ. ಮೀನುಗಾರರಾಗಿದ್ದ ಯಾಕೋಬ ಯೋಹಾನರು ಯೇಸುವಿನ ಹಿಂದೆ ಹೋಗಲು ದೋಣಿ ಬಿಟ್ಟಾಗ ಅದರಲ್ಲಿ ತಂದೆಯೂ ಕೂಲಿಯಾಳುಗಳೂ ಇದ್ದರು, ಬಲೆಗಳು ಅನಾಥವಾಗಲಿಲ್ಲ. ಯೆರಿಕೋ ಬಿಟ್ಟು ಬಾ ಎಂದು ಯೇಸು ಜಕ್ಕಾಯನಿಗೆ ಹೇಳಲಿಲ್ಲ. ದೆವ್ವಗಳ ದಂಡು ಬಿಟ್ಟುಹೋಗಿ ಗುಣವಾದವನು ಜೊತೆಗೆ ಬರುತ್ತೇನೆಂದು ಬೇಡಿಕೊಂಡರೂ, ಮನೆಗೆ ಹೋಗಿ ನಿನ್ನವರಿಗೆ ಹೇಳು ಎಂದು ಯೇಸು ಅವನನ್ನು ಕಳುಹಿಸಿದನು. ಯೊಪ್ಪದ ತಬಿಥಾಳನ್ನು ಬೈಬಲ್ ಶಿಷ್ಯಳೆಂದೇ ಕರೆಯುತ್ತದೆ. ಅವಳು ವಿಧವೆಯರಿಗೆ ಬಟ್ಟೆ ಹೊಲಿದು ಕೊಡುತ್ತಿದ್ದವಳು. ಬಟ್ಟೆ ಅಂಗಡಿಯಲ್ಲಿರುವ ನಿಮಗೆ ಇದನ್ನು ವಿವರಿಸಬೇಕಿಲ್ಲ.

ಪೂರ್ಣಾವಧಿ ಸೇವೆಗೆ ಹೋಗುವವರೇ ಬೇಡ ಎನ್ನುತ್ತಿಲ್ಲ. ನಮ್ಮ ಸಭಾಪಾಲಕರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಊರೂರಿಗೆ ಸುವಾರ್ತೆ ಒಯ್ದ ಬಾರ್ನಬನೂ ಸೌಲನೂ (ಮುಂದೆ ಪೌಲ ಎನಿಸಿಕೊಂಡವನು) ಮೊದಲು ಅಂತಿಯೋಕ್ಯ ಪಟ್ಟಣದ ಸಭೆಯಲ್ಲಿ ವರ್ಷ ಪೂರ್ತಿ ಬೋಧಿಸಿದವರು. ಹೊರಡುವ ಕಾಲ ಬಂದಾಗ ಪವಿತ್ರಾತ್ಮನ ಮಾತು ಕೇಳಿ, ಉಪವಾಸ ಮಾಡಿ, ಕೈಯಿಟ್ಟು ಕಳುಹಿಸಿದ್ದು ಸಭೆ. ನಿಮ್ಮ ಸಭೆಯ ಹಿರಿಯರಿಗೆ ಈ ವಿಷಯ ಹೇಳಿದ್ದೀರಾ? ಪ್ರಶ್ನೆಯಲ್ಲಿ ಅದರ ಸುಳಿವೇ ಇಲ್ಲ.

ನಾಳೆ ಅಂಗಡಿಗೆ ಹೋಗಿ ಮುಂಗಡದ ಬಾಕಿ ಎಷ್ಟಿದೆ ಎಂದು ಮಾಲೀಕರನ್ನೇ ಕೇಳಿ, ಅವರ ಎದುರಿಗೇ ಬರೆದುಕೊಳ್ಳಿ. ಅದು ತೀರುವವರೆಗೆ ಅರ್ಜಿಯ ಗಡುವಿನ ಯೋಚನೆ ಬಿಡಿ. ಮುಂದಿನ ವರ್ಷವೂ ಅರ್ಜಿ ಕೊಡುತ್ತಾರೆ.